ಒಂಬತ್ತನೆಯ ಷರತ್ತು

ರಿಬಂದರ್ ಕಟ್ಟೆಯಿಂದ ಚೊರಾಂವ್‌ಗೆ ಫೆರಿ
ಹತ್ತು ನಿಮಿಷವೂ ಇಲ್ಲ. ನಡೆದು ಬಂದವರಿಗೆ ದುಡ್ಡಿಲ್ಲ.
ಹನ್ನೊಂದು ವರ್ಷ ಹೀಗೇ ದಾಟಿದ್ದೇನೆ
ಪಕ್ಷಿಧಾಮದ ಬಾಗಿಲು ಗುಡಿಸಲು.

ಈಗ ಗೈಡ್ ಆಗಬೇಕು.
ಗಂಗವ್ವ ಬಾರಕೇರ, ನೋಂದಾಯಿತ ನಿಸರ್ಗ ಮಾರ್ಗದರ್ಶಿ:
ಅಷ್ಟುದ್ದದ ಹೆಸರು ನಮ್ಮ ಚಿಂಬೆಲ್ ಓಣಿಯಲ್ಲಿ
ಇನ್ನೂ ಯಾರಿಗೂ ಬಂದಿಲ್ಲ.

ಹತ್ತನೆಯ ತರಗತಿ: ಉಂಟು, ಎರಡನೇ ಸಲಕ್ಕೆ.
ವಯಸ್ಸು ಹದಿನೆಂಟು: ತುಂಬಿ, ಅದರ ಮೇಲೆ
ಇನ್ನೊಂದು ಹದಿನೆಂಟೂ ತುಂಬಿತು.
ಕಣ್ಣು ಕಿವಿ ಎದೆ ಸರಿಯಿದೆಯೆಂದು ಡಾಕ್ಟರ ಸಹಿ.
'ಯಾಕಮ್ಮಾ ಇಷ್ಟು ಬಡಿತ' ಎಂದರು.
ಹೇಳಲಿಲ್ಲ.

ಪ್ರಥಮ ಚಿಕಿತ್ಸೆಗೆ ಎರಡು ದಿನ.
ರಬ್ಬರ್ ಗೊಂಬೆಯ ಎದೆ ಒತ್ತಬೇಕು
ಮೂವತ್ತು ಸಲ, ಆಮೇಲೆ ಎರಡು ಉಸಿರು.
ಅದಕ್ಕೆ ಕಾಲೇ ಇರಲಿಲ್ಲ.
ಬದುಕಿತು ಎಂದರು ಟೀಚರ್, ಪಾಸು ಮಾಡಿದರು.

ಸಿಕ್ಕಿಬಿದ್ದದ್ದು ವಾಸದ ದಾಖಲೆಯಲ್ಲಿ.
ಮಾಂಡವಿಗೆ ಅಡ್ಡಲಾಗಿ ಒಂದು ಸೇತುವೆ ಬಿದ್ದು
ಇನ್ನೊಂದು ಏಳುತ್ತಿದ್ದಾಗ
ಕಾಂಕ್ರೀಟು ಕಲಸುವವರ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ.
ಅಪ್ಪ ಕೊಪ್ಪಳದವ. ಹೆರಿಗೆ ಮಾಡಿಸಿದವಳು ಕಲಾದಗಿಯವಳು.
ಶೆಡ್ಡು ಕಿತ್ತರು. ಸೇತುವೆ ಇದೆ.
'ಬಾಯೀ, ಸೇತುವೆಗೆ ಜೆರಾಕ್ಸ್ ಇಲ್ಲ' ಎಂದರು
ಗುಮಾಸ್ತ ಉಲ್ಹಾಸ ತಾರಿ.
ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು:
'ಸೈಬೀರಿಯಾದ ಬಾತಿಗೆ ಯಾವ ದಾಖಲೆ ಅಂತ ಮಾತ್ರ ಕೇಳಬೇಡಿ.
ಬಂದವರೆಲ್ಲ ಅದನ್ನೇ ಕೇಳುತ್ತಾರೆ.'
ನಾನು ಕೇಳಹೊರಟಿದ್ದೂ ಅದನ್ನೇ.

ಕೊನೆಗೆ ಅವ್ವನ ಟ್ರಂಕಿನ ತಳದಲ್ಲಿ ಲಸಿಕೆಯ ಕಾರ್ಡು,
ಪೋಲಿಯೋ ಹಾಕಿದ ತಾರೀಕು, ರಿಬಂದರ್ ಆಸ್ಪತ್ರೆಯ ಮೊಹರು.
ಎರಡು ಹನಿ. ಮೂವತ್ತೈದು ವರ್ಷದ ವಾಸ.

ಪೊಲೀಸಪ್ಪ ಬಂದು ನಡತೆ ವಿಚಾರಿಸಿದ.
ಎದುರುಮನೆ ಹುಸೇನಬಿ ಅಂದಳಂತೆ:
'ಒಳ್ಳೇಕೀನ ಅದಾಳ್ರಿ. ಆದ್ರ ಮುಂಜಾನೆದ್ದು
ಗ್ವಾಡಿ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಾಳ.'
ಅಭ್ಯಾಸ, ಸಾಹೇಬರೇ. ಗೋಡೆಯೇ ನನ್ನ ಮೊದಲ ಪ್ರವಾಸಿ.
ಏಡಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಅದು ಕೇಳಿಲ್ಲ.

ಷರತ್ತುಗಳ ಹಾಳೆ ಕೊಟ್ಟರು, ಒಟ್ಟು ಹದಿನಾಲ್ಕು.
ಗೂಡಿನ ಹತ್ತಿರ ಹೋಗಬಾರದು. ಕಾಂಡ್ಲ ಮುರಿಯಬಾರದು.
ಒಂಬತ್ತನೆಯದು:
ಇಂಥದ್ದನ್ನು ತೋರಿಸಿಯೇ ತೀರುತ್ತೇನೆಂದು
ಯಾರಿಗೂ ಮಾತು ಕೊಡಬಾರದು.
ಎರಡು ಸಲ ಓದಿದೆ.
ಅಪ್ಪನನ್ನು ಇಲ್ಲಿಗೆ ಕರೆತಂದ ಗುತ್ತಿಗೆದಾರನಿಗೆ
ಈ ಹಾಳೆ ಯಾರೂ ಕೊಟ್ಟಿರಲಿಲ್ಲ.

ಪರೀಕ್ಷೆಯ ದಿನ ಭರತ.
ಕೆಸರೆಲ್ಲ ಮುಳುಗಿ ಹಕ್ಕಿ ಒಂದೂ ಇಲ್ಲ.
'ತೋರಿಸಿ' ಎಂದರು ಫಾರೆಸ್ಟ್ ಮೇಡಂ.
'ಈಗ ಇಲ್ಲ. ನೀರು ಇಳೀಲಿ.'
ನಿಂತೆವು. ಅವರು ವಾಚು ನೋಡಿದರು,
ನಾನು ಬೇರಿನ ಮೇಲಿನ ಒದ್ದೆ ಗೆರೆ.
ಬೆರಳಷ್ಟು ಇಳಿದಾಗ ಏನೋ ಬರೆದುಕೊಂಡರು.
ಏನೆಂದು ಗೊತ್ತಿಲ್ಲ.

ಫಲಿತಾಂಶಕ್ಕೆ ಮೂರು ವಾರ. ಅಲ್ಲಿಯತನಕ
ಧಾಮದ ಗಡಿಯೊಳಗೆ ಕಾರ್ಡಿಲ್ಲದೆ
ಬೆರಳು ಚಾಚಿ ಹೆಸರು ಹೇಳಿದರೆ ದಂಡ.

ಇವತ್ತು ಮುಂಜಾನೆ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ
ಗೇಟಿನ ಬಳಿ ಕೇಳಿದ, 'ಅಕ್ಕಾ, ಆ ನೀಲಿದು ಏನು?'
ಪೊರಕೆ ಊರಿಕೊಂಡು ಸುಮ್ಮನೆ ನಿಂತೆ.
ಅಕ್ಕನಿಗೆ ಏನೂ ಗೊತ್ತಿಲ್ಲ ಅಂದ, ಅವರಪ್ಪನಿಗೆ.

ಸಂಜೆ ಅದೇ ಫೆರಿಯಲ್ಲಿ ಅದೇ ಹುಡುಗ.
ಹೊಳೆಯ ನಟ್ಟನಡುವೆ,
ಗಡಿ ಎಲ್ಲಿ ಮುಗಿಯಿತೋ, ನಕ್ಷೆ ನನ್ನ ಬಳಿಯಿಲ್ಲ,
ಎಂಜಿನ್ ಸದ್ದಿನೊಳಗೆ ಬಗ್ಗಿ
ಅವನ ಕಿವಿಯಲ್ಲಿ ಹೇಳಿದೆ:
ಮಿಂಚುಳ್ಳಿ.

'ಎಲ್ಲೈತಿ?' ಗಕ್ಕನೆ ತಿರುಗಿದ.

ಈಗಿಲ್ಲ, ಮರಿ.
ಆಗ ಇತ್ತು.